ರಿಪೀಟರ್ ಬದಲು ಕೇಬಲ್: ಮಲೆನಾಡಿನ ನಮ್ಮ ಇಂಟರ್ನೆಟ್ ಗ್ರಾಹಕರಿಗೆ ಪತ್ರ

ಮಾನ್ಯ ಗ್ರಾಹಕರೇ,

ವೈಫೈ ತಲುಪದ ಕೋಣೆಗಳಿಗಾಗಿ ಬಾಡಿಗೆಗೆ ಕೊಡುತ್ತಿದ್ದ, ಗೋಡೆಯ ಪ್ಲಗ್ಗಿಗೆ ಸಿಕ್ಕಿಸುವ 2.4 ಗಿಗಾಹರ್ಟ್ಸ್ (ವೈಫೈ ಬಳಸುವ ಒಂದು ರೇಡಿಯೊ ಆವರ್ತನ) ರಿಪೀಟರ್‌ಗಳನ್ನು ಮುಂದಿನ ತಿಂಗಳ ಒಂದನೇ ತಾರೀಖಿನಿಂದ ನಮ್ಮ ಸಹಕಾರ ಸಂಘವು ಹೊಸದಾಗಿ ಕೊಡುವುದಿಲ್ಲ. ಅವುಗಳ ಬದಲು ಮುಖ್ಯ ರೂಟರ್‌ನಿಂದ ಕೇಬಲ್ ಎಳೆದು, ಬೇಕಾದ ಕಡೆ ಆಕ್ಸೆಸ್ ಪಾಯಿಂಟ್ (ಕೇಬಲ್ಲಿನಲ್ಲಿ ಬಂದ ಇಂಟರ್ನೆಟ್ಟನ್ನು ಅಲ್ಲಿ ವೈಫೈ ಆಗಿ ಹರಡುವ ಉಪಕರಣ) ಕೂರಿಸಲಾಗುವುದು. ತಿಂಗಳ ಬಾಡಿಗೆ ಈಗಿನಷ್ಟೇ ಇರುತ್ತದೆ. ಕೇಬಲ್ಲಿನ ಬೆಲೆಯನ್ನು ಮಾತ್ರ ಮೀಟರ್ ಲೆಕ್ಕದಲ್ಲಿ ಒಮ್ಮೆ ಪಾವತಿಸಬೇಕಾಗುತ್ತದೆ.

ಈ ರಿಪೀಟರ್‌ನಲ್ಲಿ ಇರುವುದು ಒಂದೇ ರೇಡಿಯೊ. ರೂಟರ್ ಕಳಿಸಿದ್ದನ್ನು ಅದು ಮೊದಲು ಪೂರ್ತಿ ಪಡೆದು, ಅನಂತರ ಅದೇ ಚಾನೆಲ್‌ನಲ್ಲಿ ನಿಮ್ಮ ಮೊಬೈಲಿಗೆ ಮತ್ತೆ ಕಳಿಸಬೇಕಾಗಿರುವುದರಿಂದ, ಸಿಗಬಹುದಾದ ವೇಗ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಒಂದು ರಿಪೀಟರ್‌ನ ಹಿಂದೆ ಇನ್ನೊಂದನ್ನು ಜೋಡಿಸಿದರೆ ಮತ್ತಷ್ಟು ಕುಸಿಯುತ್ತದೆ. 10 ಎಂಬಿಪಿಎಸ್ ಪ್ಲಾನ್ ಇದ್ದ ಮನೆಯಲ್ಲಿ ಈ ನಷ್ಟ ಯಾರ ಗಮನಕ್ಕೂ ಬರುತ್ತಿರಲಿಲ್ಲ, ಏಕೆಂದರೆ ಅರ್ಧವಾದ ಮೇಲೂ ರೇಡಿಯೊದ ವೇಗ ಪ್ಲಾನಿಗಿಂತ ಹೆಚ್ಚೇ ಉಳಿಯುತ್ತಿತ್ತು. 100 ಎಂಬಿಪಿಎಸ್ ಪ್ಲಾನಿಗೆ ಹಣ ಕಟ್ಟಿದವರಿಗೆ ಈಗ ಅದು ಎದ್ದು ಕಾಣುತ್ತದೆ.

ನಮ್ಮ ಕಡೆಯ ಮನೆಗಳ ಕಟ್ಟಡವೂ ಇದಕ್ಕೆ ಕಾರಣ. ಫೈಬರ್ ಬರುವುದು ಜಗುಲಿಗೆ. ಮಕ್ಕಳು ಓದುವುದು ಮೆತ್ತಿನ ಮೇಲೆ ಅಥವಾ ಹಿಂಬದಿಯ ಕೋಣೆಯಲ್ಲಿ. ನಡುವೆ ಎರಡು ಮೂರು ದಪ್ಪ ಮಣ್ಣಿನ ಅಥವಾ ಚಿರೆಕಲ್ಲಿನ ಗೋಡೆಗಳು. ಸಿಗ್ನಲ್ ಇಲ್ಲದ ಕೋಣೆಯಲ್ಲೇ ರಿಪೀಟರ್ ಇಡಬೇಕೆಂದು ಹಲವರು ಕೇಳುತ್ತಾರೆ. ಆದರೆ ರೂಟರ್‌ನ ಸಿಗ್ನಲ್ ಇನ್ನೂ ಗಟ್ಟಿಯಾಗಿರುವ, ಸುಮಾರು ಮೈನಸ್ 65 ಡಿಬಿಎಂ (ಸಿಗ್ನಲ್ ಬಲದ ಅಳತೆ; ಸೊನ್ನೆಗೆ ಹತ್ತಿರವಾದಷ್ಟೂ ಗಟ್ಟಿ) ಇರುವ ಜಾಗದಲ್ಲಿ ಇಟ್ಟರೆ ಮಾತ್ರ ಅದು ಸರಿಯಾಗಿ ಕೆಲಸ ಮಾಡೀತು, ಮತ್ತು ಇಂಥ ಮನೆಗಳಲ್ಲಿ ಆ ಜಾಗ ಸಿಗುವುದು ಹೆಚ್ಚಾಗಿ ಗೋಡೆಯ ಈಚೆಗೇ. ಮೊಬೈಲಿನಲ್ಲಿ ಸಿಗ್ನಲ್ ಕಡ್ಡಿಗಳೆಲ್ಲ ತುಂಬಿದ್ದರೂ ಏನೂ ತೆರೆದುಕೊಳ್ಳುವುದಿಲ್ಲ ಎಂಬ ದೂರಿನ ಮೂಲವೂ ಇದೇ: ಆ ಕಡ್ಡಿಗಳು ಮೊಬೈಲಿಗೂ ರಿಪೀಟರ್‌ಗೂ ನಡುವಿನ ಸಿಗ್ನಲನ್ನು ತೋರಿಸುತ್ತವೆಯೇ ಹೊರತು, ರಿಪೀಟರ್‌ಗೂ ರೂಟರ್‌ಗೂ ನಡುವಿನದನ್ನಲ್ಲ.

ತಾಮ್ರದ ಈಥರ್ನೆಟ್ ಕೇಬಲ್ಲಿಗೆ ಗೋಡೆಯ ಹಂಗಿಲ್ಲ. 100 ಮೀಟರ್‌ವರೆಗೆ ಅದು ಪೂರ್ಣ ವೇಗವನ್ನು ಒಯ್ಯುತ್ತದೆ. ಅದೇ ಕೇಬಲ್ಲಿನಲ್ಲಿ ವಿದ್ಯುತ್ತನ್ನೂ ಕಳಿಸುವುದರಿಂದ, ರೂಟರ್ ಬಳಿ ಇನ್ವರ್ಟರ್ ಲೈನ್ ಇದ್ದರೆ ಕರೆಂಟು ಹೋದಾಗಲೂ ದೂರದ ಆಕ್ಸೆಸ್ ಪಾಯಿಂಟ್ ನಡೆಯುತ್ತಿರುತ್ತದೆ. ಮಳೆಗಾಲದಲ್ಲಿ ಇದರ ಬೆಲೆ ಏನೆಂದು ನಿಮಗೆ ಹೇಳಬೇಕಾಗಿಲ್ಲ. ಆದರೆ ಮನೆಯಿಂದ ಕೊಟ್ಟಿಗೆಗೋ ಅಡಿಕೆ ಗೋದಾಮಿಗೋ ಅಂಗಳ ದಾಟಿ ಹೋಗುವ ಕಡೆ ನಾವು ತಾಮ್ರವನ್ನು ಬಳಸುವುದಿಲ್ಲ. ಹತ್ತಿರದಲ್ಲಿ ಸಿಡಿಲು ಬಡಿದರೆ ತಾಮ್ರದ ತಂತಿಯ ಮೂಲಕ ಎರಡೂ ಕಡೆಯ ಉಪಕರಣಗಳು ಸುಡಬಹುದು. ಗಾಜಿನ ಎಳೆಯ ಫೈಬರ್ ವಿದ್ಯುತ್ತನ್ನು ಒಯ್ಯುವುದಿಲ್ಲವಾದ್ದರಿಂದ, ಅಲ್ಲಿ ಲೋಹದ ತಂತಿಯಿಲ್ಲದ ಫೈಬರನ್ನೇ ಎಳೆದು, ಆ ತುದಿಯ ಉಪಕರಣಕ್ಕೆ ಅಲ್ಲಿನ ಪ್ಲಗ್ಗಿನಿಂದಲೇ ವಿದ್ಯುತ್ ಕೊಡುತ್ತೇವೆ.

ಎಲ್ಲರೂ ಬದಲಾಯಿಸಲೇಬೇಕೆಂದು ಇದರ ಅರ್ಥವಲ್ಲ. ಇಟ್ಟಿಗೆ ಗೋಡೆಯ ಸಣ್ಣ ಮನೆಯಲ್ಲಿ, ಕಡಿಮೆ ವೇಗದ ಪ್ಲಾನಿನಲ್ಲಿ, ಈಗಿರುವ ರಿಪೀಟರ್ ತೃಪ್ತಿಕರವಾಗಿದ್ದರೆ ಅದನ್ನು ಹಾಗೆಯೇ ಇಟ್ಟುಕೊಳ್ಳಬಹುದು. ಗೋಡೆ ಕೊರೆಯಲು ಮಾಲೀಕರು ಒಪ್ಪದ ಬಾಡಿಗೆ ಮನೆಗಳಿಗೆ, ರೂಟರ್ ಜೊತೆಗಿನ ಸಂಪರ್ಕಕ್ಕೆ 5 ಗಿಗಾಹರ್ಟ್ಸನ್ನೂ ಮೊಬೈಲುಗಳಿಗೆ 2.4 ಗಿಗಾಹರ್ಟ್ಸನ್ನೂ ಬಳಸುವ ಎರಡು ರೇಡಿಯೊಗಳ ರಿಪೀಟರ್ ಕೊಡುತ್ತೇವೆ; 5 ಗಿಗಾಹರ್ಟ್ಸ್ ದಪ್ಪ ಗೋಡೆಯನ್ನು ಇನ್ನೂ ಕಷ್ಟದಿಂದ ದಾಟುತ್ತದೆಂಬುದು ಮಾತ್ರ ನೆನಪಿರಲಿ. ಹಾಗೆಯೇ, ಕೇಬಲ್ಲಿಗೆ ಹಣ ಹಾಕುವ ಮುನ್ನ ರೂಟರನ್ನು ಕಬ್ಬಿಣದ ಬೀರು ಅಥವಾ ಫ್ರಿಜ್ಜಿನ ಹಿಂದಿನಿಂದ ತೆಗೆದು ಎತ್ತರದ, ಮರೆಯಿಲ್ಲದ ಜಾಗದಲ್ಲಿಟ್ಟು ನೋಡಿರಿ. ಅಷ್ಟರಿಂದಲೇ ಸಮಸ್ಯೆ ತೀರಿದರೆ ನಮಗೂ ಸಂತೋಷ.

ಕೇಬಲ್ ಬೇಕಾದವರು ಕಚೇರಿಗೆ ತಿಳಿಸಿದರೆ, ನಮ್ಮ ಸಿಬ್ಬಂದಿ ಮನೆಗೆ ಬಂದು ಕೋಣೆ ಕೋಣೆಯ ಸಿಗ್ನಲ್ ಅಳೆದು, ಎಷ್ಟು ಮೀಟರ್ ಬೇಕಾಗುತ್ತದೆಂದು ಲೆಕ್ಕ ಬರೆದುಕೊಡುತ್ತಾರೆ. ನೀವು ಒಪ್ಪಿದ ಮೇಲೆಯೇ ಕೆಲಸ ಆರಂಭವಾಗುತ್ತದೆ. ವೈಫೈ ಹೆಸರು, ಪಾಸ್‌ವರ್ಡ್ ಮೊದಲಿನವೇ ಇರುತ್ತವೆ. ಹಿಂದಿರುಗಿಸಿದ ರಿಪೀಟರ್‌ನ ಠೇವಣಿಯನ್ನು ಮುಂದಿನ ಬಿಲ್ಲಿನಲ್ಲಿ ವಜಾ ಮಾಡಲಾಗುವುದು.

ತಮ್ಮ ವಿಶ್ವಾಸಿ,
ಕಾರ್ಯದರ್ಶಿ