ಬೇರ್ಪಡಿಸಿ ಕೊಟ್ಟ ಒಣಕಸವನ್ನು ಒಂದೇ ಲಾರಿಗೆ ತುಂಬುತ್ತಿರುವ ಬಗ್ಗೆ ದೂರು

ಇಂದ,
ಪರಿಸರ ಮತ್ತು ಸ್ಟೋರ್ಸ್ ವಿಭಾಗ,
ಯಂತ್ರಭಾಗ ತಯಾರಿಕಾ ಘಟಕ,
ಪೀಣ್ಯ 2ನೇ ಹಂತ, ಬೆಂಗಳೂರು.

ಗೆ,
ಕಾರ್ಯಾಚರಣೆ ಮುಖ್ಯಸ್ಥರು,
ತ್ಯಾಜ್ಯ ಸಂಗ್ರಹ ಮತ್ತು ಮರುಬಳಕೆ ಸೇವೆ.

ವಿಷಯ: ವಿಂಗಡಿಸಿದ ಕಸ ಮತ್ತೆ ಬೆರೆಯುತ್ತಿರುವುದು, ತೂಕದ ಚೀಟಿ ಇಲ್ಲದ ಮರುಬಳಕೆ ಪ್ರಮಾಣಪತ್ರ ಮತ್ತು ಎಣ್ಣೆ ಹತ್ತಿದ ಬಟ್ಟೆಯ ಸಾಗಣೆಯಲ್ಲಿನ ಲೋಪ.

ಮಾನ್ಯರೇ,

ನಮ್ಮ ಘಟಕದಲ್ಲಿ ಒಣಕಸ ಐದು ಬಗೆಯಾಗಿ ಬೇರೆಯಾಗುತ್ತದೆ: ರಟ್ಟು, ಸ್ಟ್ರೆಚ್ ಫಿಲ್ಮ್ (ಸರಕಿಗೆ ಸುತ್ತುವ ತೆಳು ಪ್ಲಾಸ್ಟಿಕ್ ಹಾಳೆ), ಪ್ಯಾಕಿಂಗ್ ಪಟ್ಟಿ, ಮರದ ಪ್ಯಾಲೆಟ್, ಇವು ಯಾವುದಕ್ಕೂ ಸೇರದ ಉಳಿಕೆ. ಈ ಕೆಲಸ ಗೋದಾಮಿನಲ್ಲಿ ಅಲ್ಲ, ಪ್ಯಾಕಿಂಗ್ ಬಿಚ್ಚುವ ಜಾಗದಲ್ಲೇ ಆಗುತ್ತದೆ. ಪಟ್ಟಿ ಕತ್ತರಿಸಿದ ಕೈಯೇ ಅದನ್ನು ಅದರ ಡಬ್ಬಕ್ಕೆ ಹಾಕಬೇಕು, ಫಿಲ್ಮಿಗೆ ಅಂಟಿದ ಕಾಗದದ ಲೇಬಲ್ ಹರಿದು ತೆಗೆಯಬೇಕು, ರಟ್ಟಿನ ಪೆಟ್ಟಿಗೆ ಮಡಿಸಿ ಕಟ್ಟಬೇಕು. ಮೂರೂ ಪಾಳಿಯಲ್ಲಿ ಇದು ನಡೆಯುತ್ತಿದೆ. ಆದರೆ ಗೇಟಿನ ಬಳಿ ಕಸವನ್ನು ಒತ್ತಿ ತುಂಬುವ ನಿಮ್ಮ ಕಾಂಪ್ಯಾಕ್ಟರ್ ಲಾರಿ ಈ ಐದನ್ನೂ ಒಂದೇ ಬಾಯಿಗೆ ತುಂಬಿಕೊಳ್ಳುತ್ತದೆ. ಅಷ್ಟೇ ಅಲ್ಲ, ಬೇರೆ ಕಡೆಯ ಕ್ಯಾಂಟೀನಿನ ಹಸಿಕಸ ಆಗಲೇ ಅದರೊಳಗೆ ಇರುತ್ತದೆ. ನಮ್ಮವರು ಒಂದು ಪಾಳಿಯಿಡೀ ಮಾಡಿದ ಕೆಲಸ ಎರಡು ನಿಮಿಷದಲ್ಲಿ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಗುತ್ತಿದೆ.

ಕಳೆದ ತಿಂಗಳ ಲೆಕ್ಕವನ್ನೇ ನೋಡಿ. ನಮ್ಮ ಗೇಟಿನ ತಕ್ಕಡಿಯಲ್ಲಿ ತೂಗಿ ಕೊಟ್ಟದ್ದು ರಟ್ಟು 4,200 ಕೆ.ಜಿ., ಮರ 2,900, ಫಿಲ್ಮ್ 1,150, ಪಟ್ಟಿ 310, ಉಳಿಕೆ 1,840. ಒಟ್ಟು 10,400 ಕೆ.ಜಿ., 13 ಲೋಡು. ನೀವು ಕೊಟ್ಟ ಪ್ರಮಾಣಪತ್ರದಲ್ಲಿ 10,400 ಕೆ.ಜಿ. ಪೂರ್ತಿ ‘ಮರುಬಳಕೆಯಾಗಿದೆ’ ಎಂದಿದೆ. ಉಳಿಕೆ ಎಂದು ನಾವೇ ಬರೆದುಕೊಟ್ಟ 1,840 ಕೆ.ಜಿ.ಯೂ ಅದರಲ್ಲಿ ಸೇರಿದೆ. ಕೊಳೆಯಾದ ಫೋಮ್ ತುಂಡು, ಹಲವು ಪದರದ ಹರಿದ ಪೊಟ್ಟಣ, ಮರಳು ಕಾಗದ ಇವೆಲ್ಲ ಯಾವ ಗಿರಣಿಯಲ್ಲಿ ಏನಾದವು? 13 ಲೋಡಿಗೆ ಬಂದದ್ದು 4 ವೇಬ್ರಿಜ್ (ಲಾರಿ ತೂಗುವ ತಕ್ಕಡಿ) ಚೀಟಿ. ನಾಲ್ಕರಲ್ಲೂ ಲಾರಿಯ ಖಾಲಿ ತೂಕ ಒಂದು ಕಿಲೋ ಹೆಚ್ಚುಕಡಿಮೆ ಇಲ್ಲದೆ ಒಂದೇ ಅಂಕಿ. ಟ್ಯಾಂಕಿನ ಡೀಸೆಲ್ ಮಟ್ಟ, ಒಳಗೆ ಅಂಟಿದ ಕೆಸರು, ಜೊತೆಗಿರುವ ಜನ, ಇಷ್ಟರಿಂದಲೇ ಖಾಲಿ ತೂಕ ದಿನಕ್ಕೊಂದು ತೆರನಾಗುತ್ತದೆ. ಹಾಗಾಗಿ ಆ ಚೀಟಿಗಳಲ್ಲಿ ಖಾಲಿ ಲಾರಿಯನ್ನು ಅಂದು ತೂಗಿಲ್ಲ, ಹಳೆಯ ಅಂಕಿಯನ್ನೇ ಹಾಕಲಾಗಿದೆ ಎಂದೇ ನಾವು ತಿಳಿಯುತ್ತೇವೆ.

ಬೆರೆಸಿದರೆ ಏನು ನಷ್ಟ ಎಂಬುದು ನಿಮ್ಮ ಲೋಡಿಂಗ್ ತಂಡಕ್ಕೆ ಗೊತ್ತಿಲ್ಲದಿದ್ದರೆ ಅದನ್ನು ಹೇಳಿಕೊಡುವುದು ನಿಮ್ಮ ಹೊಣೆ. ರಟ್ಟಿನ ವಿಷಯ ಮೊದಲು. ಕಾಗದದ ಗಿರಣಿ ರಟ್ಟನ್ನು ನೀರಿನಲ್ಲಿ ಅರೆದು ನಾರು ಮಾಡುತ್ತದೆ. ನೀರಿಗೆ ಬಿಡದ ಜಿಡ್ಡು ನಾರಿನ ಜೊತೆಯೇ ಉಳಿದು ಹೊಸ ಹಾಳೆಯಲ್ಲಿ ಕಲೆಯಾಗಿ ಕಾಣಿಸುತ್ತದೆ. ಆದ್ದರಿಂದ ಸಾಂಬಾರು, ಎಣ್ಣೆ ಹತ್ತಿದ ರಟ್ಟನ್ನು ಖರೀದಿದಾರ ಪಕ್ಕಕ್ಕೆ ಎಸೆಯುತ್ತಾನೆ. ಒದ್ದೆ ರಟ್ಟು ತೂಗಿದರೆ ನೀರಿನ ತೂಕ ಕಳೆಯುತ್ತಾನೆ, ಬಹಳ ಒದ್ದೆಯಾಗಿದ್ದರೆ ಲೋಡನ್ನೇ ವಾಪಸ್ ಕಳಿಸುತ್ತಾನೆ. ಕಾಂಪ್ಯಾಕ್ಟರ್ ಒತ್ತುವಾಗ ಹಸಿಕಸದಿಂದ ಇಳಿಯುವ ನೀರು ನೇರವಾಗಿ ರಟ್ಟಿನ ಪದರಕ್ಕೆ ಹೋಗುತ್ತದೆ. ಮಳೆಗಾಲದಲ್ಲಿ ತಾಡಪಾಲು ಇಲ್ಲದ ಲಾರಿ ಬಂದರೂ ಅದೇ ಗತಿ.

ಸ್ಟ್ರೆಚ್ ಫಿಲ್ಮ್ ಇನ್ನೂ ಸೂಕ್ಷ್ಮ. ಬಣ್ಣವಿಲ್ಲದ, ಒಣಗಿದ, ಲೇಬಲ್ ತೆಗೆದ ಫಿಲ್ಮಿಗೆ ನಾಯಂಡಹಳ್ಳಿಯ ಪ್ಲಾಸ್ಟಿಕ್ ಗುಜರಿಯವರು ಒಳ್ಳೆಯ ಬೆಲೆ ಕೊಡುತ್ತಾರೆ. ಅದೇ ಫಿಲ್ಮಿಗೆ ಮಣ್ಣು, ಅನ್ನ, ಚಹಾ ಮೆತ್ತಿದರೆ ತೊಳೆಯಬೇಕು. ತೊಳೆದ ಫಿಲ್ಮ್ ಸುಲಭವಾಗಿ ಒಣಗುವುದಿಲ್ಲ, ತೆಳು ಹಾಳೆಗಳು ಒಂದಕ್ಕೊಂದು ಅಂಟಿ ನೀರು ಹಿಡಿದಿಡುತ್ತವೆ. ಆ ತೇವ ಪ್ಲಾಸ್ಟಿಕ್ ಕರಗಿಸಿ ಕಾಳು ಮಾಡುವ ಯಂತ್ರವಾದ ಎಕ್ಸ್‌ಟ್ರೂಡರಿನ ಬಿಸಿಯಲ್ಲಿ ಆವಿಯಾಗಿ ಕಾಳಿನೊಳಗೆ ಗುಳ್ಳೆ ಎಬ್ಬಿಸುತ್ತದೆ. ಬೆಲೆ ಬಿದ್ದುಹೋಗುವುದು ಹೀಗೆ. ಬೆಲೆ ಇಲ್ಲದ ವಸ್ತು ಕೊನೆಗೆ ಸೇರುವುದು ಕಸದ ಗುಡ್ಡವನ್ನೇ.

ಪಟ್ಟಿಯಲ್ಲಿ ಎರಡು ಜಾತಿ ಇವೆ. ಒಂದು ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್, ಇನ್ನೊಂದು ನೀರಿನ ಬಾಟಲಿಯ ಪ್ಲಾಸ್ಟಿಕ್ಕಾದ ಪೆಟ್, ಹೆಚ್ಚಾಗಿ ಹಸಿರು ಬಣ್ಣದ್ದು. ಬಣ್ಣವನ್ನು ನಂಬಬಾರದು. ಒಂದು ಬಕೆಟ್ ನೀರಿಗೆ ಬೆರಳುದ್ದದ ತುಂಡು ಹಾಕಿ, ಗಾಳಿಗುಳ್ಳೆ ಹೋಗುವಂತೆ ಒಮ್ಮೆ ಮುಳುಗಿಸಿ ಬಿಟ್ಟರೆ ಪಾಲಿಪ್ರೊಪಿಲೀನ್ ತೇಲುತ್ತದೆ, ಪೆಟ್ ತಳ ಸೇರುತ್ತದೆ. ಮೊದಲನೆಯದು ಸುಮಾರು 165 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ, ಎರಡನೆಯದಕ್ಕೆ ಸುಮಾರು 250 ಬೇಕು. ಎರಡನ್ನೂ ಬೆರೆಸಿ ಕರಗಿಸಲು ಹೋದರೆ ಪೆಟ್ ಕರಗದೆ ಹರಳಿನಂತೆ ಉಳಿದು ಯಂತ್ರದ ಜಾಲರಿಯಲ್ಲಿ ಸಿಕ್ಕಿ ಅದನ್ನು ಮುಚ್ಚಿಬಿಡುತ್ತದೆ. ನಾವು ಎರಡನ್ನೂ ಬೇರೆ ಚೀಲದಲ್ಲಿ, ಚೀಲದ ಮೇಲೆ ಬರೆದು ಕೊಡುತ್ತೇವೆ. ನಿಮ್ಮವರು ಚೀಲ ಉಳಿಸಿಕೊಳ್ಳಲೆಂದು ಲಾರಿಯ ಬಾಯಲ್ಲೇ ಎರಡನ್ನೂ ಸುರಿದು ಖಾಲಿ ಮಾಡುತ್ತಾರೆ. ಇದನ್ನು ನಾವು ಮೂರು ಸಲ ಬರೆದು ತಿಳಿಸಿದ್ದೇವೆ.

ಇನ್ನು ಎಲ್ಲಕ್ಕಿಂತ ಗಂಭೀರವಾದದ್ದು. ಎಣ್ಣೆ, ಕೂಲಂಟ್ (ಯಂತ್ರ ತಂಪಾಗಿಸುವ ದ್ರವ) ಹತ್ತಿದ ಹತ್ತಿ ಬಟ್ಟೆಯನ್ನು ಮುಚ್ಚಳವಿರುವ ನೀಲಿ ಡ್ರಮ್ಮಿನಲ್ಲಿ, ಕಾಂಕ್ರೀಟ್ ಕಟ್ಟೆಯ ಒಳಗೆ ಇಡುತ್ತೇವೆ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಮೊದಲ ಅನುಸೂಚಿಯಲ್ಲಿ ಇದು 33.2ನೇ ವರ್ಗ. ಇದು ಹೊರಹೋಗಬೇಕಾದದ್ದು ಅಧಿಕೃತ ವಾಹನದಲ್ಲಿ, ನಮೂನೆ 10ರ ಏಳು ಪ್ರತಿಯ ಮ್ಯಾನಿಫೆಸ್ಟ್ (ಸಾಗಣೆ ದಾಖಲೆ) ಜೊತೆಗೆ. ಈ ತಿಂಗಳು ಎರಡು ಡ್ರಮ್ ಬಟ್ಟೆಯನ್ನು ನಿಮ್ಮ ತಂಡ ಒಣಕಸದ ಲಾರಿಗೇ ಸುರಿದಿದೆ. ಒತ್ತಿದ ರಟ್ಟಿನ ನಡುವೆ ಎಣ್ಣೆ ಬಟ್ಟೆ ಇಟ್ಟು ಪೀಣ್ಯದ ರಸ್ತೆಯಲ್ಲಿ ಓಡಿಸುವುದೆಂದರೆ ಬತ್ತಿ ಹೊಸೆದಿಟ್ಟಂತೆ. ಒಂದು ಕಿಡಿ ಸಾಕು, ಮೊದಲು ಸುಡುವುದು ಲಾರಿಯ ಹಿಂದೆ ನಿಂತಿರುವ ನಿಮ್ಮ ಹುಡುಗರೇ. ಹಿಂದಿನ ತ್ರೈಮಾಸಿಕದಲ್ಲಿ ಸರಿಯಾದ ವಾಹನದಲ್ಲೇ ಹೋದ ಬಳಸಿದ ಎಣ್ಣೆಯ ಲೋಡಿಗೂ ಸ್ವೀಕರಿಸಿದವರು ನಮಗೆ ಕಳಿಸಬೇಕಾದ ನೀಲಿ ಬಣ್ಣದ ಆರನೇ ಪ್ರತಿ ಇನ್ನೂ ಬಂದಿಲ್ಲ. ಇಂಥ ತ್ಯಾಜ್ಯವನ್ನು 90 ದಿನ ಮೀರಿ ನಾವು ಇಟ್ಟುಕೊಳ್ಳುವಂತಿಲ್ಲ, ಜೂನ್ 30ರೊಳಗೆ ನಮೂನೆ 4ರಲ್ಲಿ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ ವರ್ಷದ ಲೆಕ್ಕ ಕೊಡಬೇಕು. ಪ್ರತಿ ಬಾರದೆ ಯಾವ ಅಂಕಿ ಬರೆಯುವುದು?

ನಮ್ಮ ಕಡೆಯ ತಪ್ಪನ್ನೂ ಒಪ್ಪಿಕೊಳ್ಳುತ್ತೇವೆ. ರಾತ್ರಿ ಪಾಳಿಯಲ್ಲಿ ಚಹಾ ಲೋಟ ರಟ್ಟಿನ ಡಬ್ಬಕ್ಕೆ ಬೀಳುತ್ತಿತ್ತು. ಆ ಡಬ್ಬಕ್ಕೆ ಈಗ ಮಡಿಸಿದ ರಟ್ಟು ಮಾತ್ರ ಹೋಗುವಷ್ಟು ಅಗಲದ ಸೀಳುಬಾಯಿ ಮಾಡಿಸಿದ್ದೇವೆ. ಫೋಮ್ ತಟ್ಟೆಗಳು ತೂಕವಿಲ್ಲದಿದ್ದರೂ ಲಾರಿಯ ಅರ್ಧ ಜಾಗ ತಿನ್ನುತ್ತವೆ ಎಂಬ ನಿಮ್ಮ ದೂರು ನ್ಯಾಯವಾದದ್ದೇ, ಅವನ್ನು ಪೂರೈಕೆದಾರರಿಗೆ ವಾಪಸ್ ಕಳಿಸಲು ಶುರು ಮಾಡಿದ್ದೇವೆ.

ನಿಮ್ಮಿಂದ ನಮಗೆ ಬೇಕಾದದ್ದು ಇಷ್ಟು. ಒಣಕಸಕ್ಕೆ ಕಾಂಪ್ಯಾಕ್ಟರ್ ಕಳಿಸಬೇಡಿ. ತಾಡಪಾಲು ಇರುವ ತೆರೆದ ಲಾರಿ ಸೋಮವಾರ ಮತ್ತು ಗುರುವಾರ ರಟ್ಟಿಗೆ, ಬುಧವಾರ ಫಿಲ್ಮ್ ಮತ್ತು ಪಟ್ಟಿಗೆ, ಶನಿವಾರ ಮರಕ್ಕೆ ಬರಲಿ. ಫಿಲ್ಮನ್ನು ನಾವೇ ಬೇಲ್ (ಒತ್ತಿ ಬಿಗಿದ ಕಟ್ಟು) ಕಟ್ಟಿ ಕೊಡುತ್ತೇವೆ, ಬೇಲ್ ಬಿಚ್ಚಕೂಡದು. ಪ್ರತಿ ಲೋಡಿಗೂ ಅದೇ ದಿನದ ಖಾಲಿ ತೂಕ, ತುಂಬಿದ ತೂಕ ಎರಡೂ ಇರುವ ಚೀಟಿ ಬೇಕು. ಅದರ ಜೊತೆ ಕೊನೆಯಲ್ಲಿ ಕೊಂಡ ಗಿರಣಿ ಅಥವಾ ಘಟಕದ ಸ್ವೀಕೃತಿ ಬೇಕು, ನಿಮ್ಮ ಶೆಡ್ಡಿನ ಸ್ವೀಕೃತಿ ಅಲ್ಲ. ಉಳಿಕೆಯನ್ನು ಉಳಿಕೆ ಎಂದೇ ಬರೆಯಿರಿ. ಅದರಲ್ಲಿ ಹೆಚ್ಚಿನದು ಉರಿಯುವ ಪ್ಲಾಸ್ಟಿಕ್. ಕಿಲೋಗೆ 1,500 ಕಿಲೋಕ್ಯಾಲರಿ ಅಥವಾ ಅದಕ್ಕಿಂತ ಹೆಚ್ಚು ಶಾಖಮೌಲ್ಯವಿರುವ, ಮರುಬಳಕೆಯಾಗದ ಕಸವನ್ನು ಲ್ಯಾಂಡ್‌ಫಿಲ್ಲಿಗೆ ಹಾಕಬಾರದೆಂದು 2016ರ ಘನತ್ಯಾಜ್ಯ ನಿಯಮಗಳೇ ಹೇಳಿದ್ದವು. ಇಂಧನವಾಗಿ ಉರಿಸುವ ಸಿಮೆಂಟ್ ಕಾರ್ಖಾನೆಯ ಗೂಡಿಗೆ ಕಳಿಸಿ, ಅದರ ಚೀಟಿ ಕೊಡಿ. ಉಳಿಕೆ ಕಳೆದು ಸಿಗುವ ಶೇ. 82 ಮರುಬಳಕೆ ಎಂಬ ನಿಜವಾದ ಅಂಕಿ ಸುಳ್ಳು ಶೇ. 100ಕ್ಕಿಂತ ನಮಗೆ ಬೆಲೆಯುಳ್ಳದ್ದು.

ಈ ನಗರದ ಕಸ ಎಲ್ಲಿಗೆ ಹೋಗುತ್ತದೆ ಎಂಬುದು ಯಾರಿಗೂ ಗುಟ್ಟಲ್ಲ. ನಗರದ ಕಸ ಸುರಿದ ಮಾವಳ್ಳಿಪುರದವರು ಅದರ ಕಷ್ಟ ಅನುಭವಿಸಿದರು. 2014ರಲ್ಲಿ ಮಂಡೂರಿನ ಜನ ಬೀದಿಗಿಳಿದು ಕಸದ ಲಾರಿ ತಡೆದರು. ಬಳಿಕ ಮಿಟ್ಟಗಾನಹಳ್ಳಿಯ ಕಲ್ಲುಕ್ವಾರಿಗಳ ಸರದಿ ಬಂತು. ನಮ್ಮ ಗೇಟಿನಿಂದ ಬೇರೆಯಾಗಿ ಹೊರಟ ರಟ್ಟು ಇನ್ನೊಂದು ಊರಿನ ಬಾವಿಯ ಪಕ್ಕ ಕೊಳೆಯುವುದನ್ನು ನಾವು ಒಪ್ಪುವುದಿಲ್ಲ.

ಬಾಕಿ ಇರುವ 9 ವೇಬ್ರಿಜ್ ಚೀಟಿ, ಎಣ್ಣೆ ಲೋಡಿನ ನೀಲಿ ಪ್ರತಿ, ಎರಡು ಡ್ರಮ್ ಬಟ್ಟೆ ಎಲ್ಲಿ ಇಳಿಯಿತು ಎಂಬುದರ ಲಿಖಿತ ವಿವರ, ತಿದ್ದಿದ ಪ್ರಮಾಣಪತ್ರ, ಇಷ್ಟನ್ನು 15 ದಿನದೊಳಗೆ ಕಳಿಸಿ. ಅಲ್ಲಿಯವರೆಗೆ ಬಿಲ್ಲಿನಲ್ಲಿ ಸಾಗಣೆಯ ಮೊತ್ತ ಮಾತ್ರ ಪಾವತಿಯಾಗುತ್ತದೆ, ಮರುಬಳಕೆ ಶುಲ್ಕ ತಡೆಹಿಡಿಯಲಾಗಿದೆ. ಎಣ್ಣೆ ಬಟ್ಟೆಯ ವಿವರ ಅವಧಿಯೊಳಗೆ ಬಾರದಿದ್ದರೆ ಅದನ್ನು ಮಾಲಿನ್ಯ ನಿಯಂತ್ರಣ ಮಂಡಳಿಗೆ ನಾವೇ ಬರೆದು ತಿಳಿಸುತ್ತೇವೆ. ಹೊಸ ವೇಳಾಪಟ್ಟಿ ಶುರುವಾಗುವ ಮೊದಲ ಸೋಮವಾರ ಬೆಳಗ್ಗೆ ನಿಮ್ಮ ಲೋಡಿಂಗ್ ಮೇಸ್ತ್ರಿಯನ್ನು ಒಂದು ಗಂಟೆ ಮೊದಲೇ ಕಳಿಸಿ. ಡಬ್ಬಗಳು, ಚೀಲದ ಗುರುತು, ಬಕೆಟ್ ಪರೀಕ್ಷೆ ಎಲ್ಲವನ್ನೂ ನಮ್ಮ ಸ್ಟೋರ್ಸ್‌ನವರು ನಿಂತು ತೋರಿಸುತ್ತಾರೆ.

ಇತಿ,
ಪರಿಸರ ಮತ್ತು ಸ್ಟೋರ್ಸ್ ವಿಭಾಗದ ಪರವಾಗಿ

ಲಗತ್ತು: 13 ಲೋಡಿನ ಗೇಟ್ ತೂಕದ ಪಟ್ಟಿ, ಬಂದಿರುವ 4 ವೇಬ್ರಿಜ್ ಚೀಟಿಗಳ ನಕಲು, ಮ್ಯಾನಿಫೆಸ್ಟಿನಲ್ಲಿ ನಮ್ಮ ಬಳಿ ಉಳಿಯುವ ಹಳದಿ ಪ್ರತಿಯ ನಕಲು, ಲಾರಿ ತುಂಬುವಾಗಿನ ಫೋಟೊಗಳು.