ಪಂಪ್‌ಸೆಟ್ ಡಬ್ಬಕ್ಕೆ ಇಂಟರ್ನೆಟ್ ಯಾಕೆ?

ಸಂಪಾದಕರಿಗೆ ನಮಸ್ಕಾರ.

ನಮ್ಮ ಮನೆಯಲ್ಲಿ ನಾಲ್ಕು ಸಿಮ್ ಇವೆ. ಒಂದು ನನ್ನದು, ಒಂದು ಹೆಂಡತಿಯದು. ಮೂರನೆಯದು ಅವ್ವನ ಕೀಪ್ಯಾಡ್ ಸೆಟ್ಟಿನಲ್ಲಿದೆ. ನಾಲ್ಕನೆಯದು ಇರುವುದು ಮನೆಯಿಂದ ಒಂದೂವರೆ ಕಿಲೋಮೀಟರ್ ದೂರದ ತೆಂಗಿನ ತೋಟದಲ್ಲಿ, ಬೋರ್‌ವೆಲ್ ಪಕ್ಕದ ಕಂಬಕ್ಕೆ ಬಿಗಿದ ತಗಡಿನ ಡಬ್ಬದೊಳಗೆ. ಈ ಪತ್ರ ಕೊನೆಯ ಎರಡು ಸಿಮ್‌ಗಳ ವಿಷಯಕ್ಕೆ. ಅವೆರಡೂ ತಮ್ಮ ಕಷ್ಟ ತಾವೇ ಹೇಳಿಕೊಳ್ಳಲಾರವು.

ಪೇಟೆಯ ಓದುಗರಿಗೆ ಈ ಡಬ್ಬದ ಪರಿಚಯ ಇರಲಿಕ್ಕಿಲ್ಲ. ನಾವು ಮೊಬೈಲ್ ಸ್ಟಾರ್ಟರ್ ಅನ್ನುತ್ತೇವೆ. ಅದರಲ್ಲಿ ಒಂದು ಸಾದಾ ಸಿಮ್ ಹಾಕಿರುತ್ತದೆ. ಮನೆಯಲ್ಲಿ ಕೂತು ಆ ನಂಬರಿಗೆ ಫೋನ್ ಮಾಡಬೇಕು. ನಮ್ಮ ಡಬ್ಬದಲ್ಲಿ ಒಂದು ಒತ್ತಿದರೆ ಮೋಟಾರ್ ಶುರು, ಮೂರು ಒತ್ತಿದರೆ ಬಂದ್. ತ್ರೀ ಫೇಸ್ ಕರೆಂಟ್ ಬಂದ ಕೂಡಲೇ ಅದೇ ನನಗೆ ಫೋನ್ ಮಾಡುತ್ತದೆ. ರೈತರ ಪಂಪ್‌ಸೆಟ್ಟಿಗೆ ಕರೆಂಟ್ ಯಾವ ಹೊತ್ತಿನಲ್ಲಿ ಬರುತ್ತದೆ ಅಂತ ನಿಮಗೆ ಗೊತ್ತೇ ಇದೆ. ರಾತ್ರಿ ಪಾಳಿ ಇದ್ದಾಗ ಬ್ಯಾಟರಿ ಹಿಡಿದು ತೋಟಕ್ಕೆ ನಡೆಯುವುದು ಈ ಡಬ್ಬ ಬಂದ ಮೇಲೆ ತಪ್ಪಿತು. ನಮ್ಮ ಕಡೆ ಗುಡ್ಡದ ಸಾಲಿನಲ್ಲಿ ಚಿರತೆಗಳೂ ಇವೆ. ಆದ್ದರಿಂದ ನಮಗೆ ಇದೇನೂ ಶೋಕಿಯ ಸಾಮಾನಲ್ಲ.

ಕಳೆದ ತಿಂಗಳು ಹೀಗಾಯಿತು. ನಾಲ್ಕೈದು ದಿನದಿಂದ ಡಬ್ಬ ಫೋನ್ ಮಾಡಿರಲಿಲ್ಲ. ರಾತ್ರಿ ಕರೆಂಟ್ ಕೊಡುತ್ತಿಲ್ಲ ಅಂದುಕೊಂಡು ಲೈನ್‌ಮನ್‌ಗೆ ಸುಮ್ನೆ ಬೈದುಕೊಂಡೆ. ಒಂದು ರಾತ್ರಿ ಹತ್ತೂವರೆಗೆ, ನೋಡೋಣ ಅಂತ ನಾನೇ ಫೋನ್ ಮಾಡಿದೆ. ಮೋಟಾರ್ ಆನ್ ಆಯಿತು. ಒಂದೂವರೆಗೆ ಅಲಾರಂ ಇಟ್ಟು ಮಲಗಿದೆ. ಎದ್ದು ಆಫ್ ಮಾಡೋಣ ಅಂತ ಫೋನ್ ಮಾಡಿದರೆ, ನೀವು ಕರೆ ಮಾಡಿದ ನಂಬರಿಗೆ ಒಳಬರುವ ಕರೆ ಸೌಲಭ್ಯ ಇಲ್ಲ ಅಂತ ಒಬ್ಬಳು ಹೆಂಗಸು ಹೇಳುತ್ತಾಳೆ. ಮತ್ತೆ ಮಾಡಿದೆ. ಮತ್ತೆ ಅದೇ.

ಆದದ್ದಿಷ್ಟು. ರೀಚಾರ್ಜ್ ಗಡುವು ಮುಗಿದ ದಿನ ಹೊರಹೋಗುವ ಕರೆ ನಿಂತಿತ್ತು. ಅದಕ್ಕೇ ಡಬ್ಬದಿಂದ ಫೋನ್ ಬರುತ್ತಿರಲಿಲ್ಲ. ಕೆಲವು ದಿನ ಒಳಬರುವ ಕರೆ ಮಾತ್ರ ಬಿಟ್ಟಿದ್ದರು. ಆ ಮಧ್ಯರಾತ್ರಿ ಹನ್ನೆರಡಕ್ಕೆ ಅದೂ ನಿಂತಿತು. ಕಂಪನಿಯವರು ಮುಂಚಿತವಾಗಿ ಮೆಸೇಜ್ ಕಳಿಸಿರಲಿಲ್ಲ ಅಂತ ನಾನು ಹೇಳುವುದಿಲ್ಲ. ಕಳಿಸಿದ್ದರು. ಆಮೇಲೆ ಆ ಸಿಮ್ ತೆಗೆದು ನನ್ನ ಫೋನಿಗೆ ಹಾಕಿದಾಗ ಇನ್ನೂ ಎರಡು ಬಂದು ಬಿದ್ದವು, ಇಂಗ್ಲಿಷಿನಲ್ಲಿ. ಅಷ್ಟು ದಿನ ಮೆಸೇಜ್ ಹೋಗಿದ್ದು ತಗಡಿನ ಡಬ್ಬದೊಳಗೆ. ಅಲ್ಲಿ ಓದೋರು ಯಾರು? ಹಲ್ಲಿ ಇದೆ ಅಷ್ಟೇ.

ನಾನು ತೋಟ ಸೇರುವ ಹೊತ್ತಿಗೆ ನೀರು ಬದು ಒಡೆದುಕೊಂಡು ಪಕ್ಕದ ಹೊಲಕ್ಕೆ ನುಗ್ಗಿತ್ತು. ಅವರು ರಾಗಿ ಕೊಯ್ದು ಅರಿ ಬಿಟ್ಟಿದ್ದರು, ಅಂದರೆ ಕೊಯ್ದ ಪೈರನ್ನು ಒಣಗಲು ಹೊಲದಲ್ಲೇ ಹಾಸಿದ್ದರು. ಅರ್ಧ ಹೊಲದ ಅರಿ ನೆನೆದಿತ್ತು. ನೆನೆದ ತೆನೆ ಎರಡು ದಿನಕ್ಕೆ ಮೊಳಕೆ ಬರುತ್ತದೆ. ಒಳ್ಳೆಯ ನೆರೆಯವರು, ಜಗಳ ಆಡಲಿಲ್ಲ. ಜಗಳ ಆಡಿದ್ದರೇ ಚೆನ್ನಾಗಿತ್ತು ಅನ್ನಿಸಿತು. ಎರಡು ಮೂಟೆ ರಾಗಿ ಕೊಟ್ಟೆ. ತಗೊಳ್ಳೋಕೆ ಅವರಿಗೆ ಮುಜುಗರ, ಕೊಡೋಕೆ ನನಗೆ ನಾಚಿಕೆ.

ಮಾರನೇ ದಿನ ಹೋಬಳಿ ಊರಿನ ರೀಚಾರ್ಜ್ ಅಂಗಡಿಗೆ ಹೋದೆ. ಅಂಗಡಿ ಹುಡುಗ ಮಾಮೂಲಿಯಂತೆ, “ಅಣ್ಣ, 199 ಹಾಕ್ಲಾ?” ಅಂದ. ಇಷ್ಟು ದಿನ ಎರಡೂ ಸಿಮ್‌ಗೆ ಅದನ್ನೇ ಹಾಕಿಸುತ್ತಿದ್ದೆ. 28 ದಿನ, ಜೊತೆಗೆ 2 ಜಿಬಿ ಡೇಟಾ. ಆ 2 ಜಿಬಿ ಏನು ಮಾಡಲಿ? ಅವ್ವನ ಫೋನಿನಲ್ಲಿ ಇರುವುದು ಟಾರ್ಚು, ಎಫ್‌ಎಂ ಮತ್ತು ಒಂದು ಸಲ ಚಾರ್ಜ್ ಮಾಡಿದರೆ ಮೂರು ದಿನ ಬಾಳುವ ಬ್ಯಾಟರಿ. ಹಿಂದಿನ ಮುಚ್ಚಳ ಕಳೆದುಹೋಗಿ ರಬ್ಬರ್ ಬ್ಯಾಂಡ್ ಹಾಕಿದೆ. ಇನ್ನು ನಮ್ಮ ಪಂಪ್‌ಸೆಟ್ಟು ರೀಲ್ಸ್ ನೋಡಿದ್ದನ್ನು ನಾನಂತೂ ಕಂಡಿಲ್ಲ.

28 ದಿನದ ಲೆಕ್ಕದಲ್ಲಿ ವರ್ಷಕ್ಕೆ 12 ಸಲ ಅಲ್ಲ, 13 ಸಲ ಹಾಕಿಸಬೇಕು. ಒಂದು ಸಿಮ್‌ಗೆ 2,587 ರೂಪಾಯಿ. ಎರಡಕ್ಕೆ 5,174. ಇದರಲ್ಲಿ 52 ಜಿಬಿ ಡೇಟಾ ಯಾರೂ ಮುಟ್ಟದೆ ಹೋಗುತ್ತದೆ. 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಸರ್ಕಾರ ಕರೆಂಟ್ ಉಚಿತವಾಗಿ ಕೊಡುತ್ತದೆ. ಆ ಪುಕ್ಕಟೆ ಕರೆಂಟಿನ ಮೋಟಾರ್ ಆನ್ ಮಾಡೋಕೆ ನಾನು 28 ದಿನಕ್ಕೊಮ್ಮೆ 199 ಕಟ್ಟುತ್ತಿದ್ದೆ.

ಅಂಗಡಿಯಲ್ಲಿ ನಿಂತಾಗ ಹಳೇದೊಂದು ಸುದ್ದಿ ನೆನಪಾಯಿತು. ಇಂಟರ್ನೆಟ್ ಬೇಡದವರಿಗೆ ಬರೀ ಮಾತು ಮತ್ತು ಮೆಸೇಜಿನ ಪ್ಯಾಕ್ ಕೊಡಲೇಬೇಕು ಅಂತ ಟ್ರಾಯ್, ಅಂದರೆ ಫೋನ್ ಕಂಪನಿಗಳಿಗೆ ನಿಯಮ ಮಾಡುವ ಕೇಂದ್ರದ ಪ್ರಾಧಿಕಾರ, ಹೇಳಿದೆ ಅಂತ ಪೇಪರಿನಲ್ಲಿ ಓದಿದ್ದೆ. ಹುಡುಗನನ್ನು ಕೇಳಿದೆ. “ಅಂಥದ್ದು ಯಾವ್ದೂ ಇಲ್ಲ ಅಣ್ಣ” ಅಂದ. “ಇದೆ ನೋಡಪ್ಪ” ಅಂದೆ. ಅವನು ಫೋನಿನಲ್ಲಿ ಬೆರಳು ಓಡಿಸಿದ. ಮೇಲೆ ದಿನಕ್ಕೆ 2 ಜಿಬಿಯವು, ಆಮೇಲೆ ಸಿನಿಮಾ ಆ್ಯಪ್ ಜೊತೆಗಿನವು, ಆಮೇಲೆ ಕ್ರಿಕೆಟ್‌ನವು. ಕೆಳಗೆ, ಇನ್ನೂ ಕೆಳಗೆ ಹೋದ ಮೇಲೆ ಸಿಕ್ಕಿತು. “ಅಯ್ಯೋ ಇದೆ ಕಣಣ್ಣ! ನಂಗೇ ಗೊತ್ತಿರ್ಲಿಲ್ಲ.” ಅವನ ಮುಖದಲ್ಲಿ ನಿಜವಾದ ಆಶ್ಚರ್ಯ ಇತ್ತು. ಅವನದು ತಪ್ಪಲ್ಲ. ಅವನ ಅಂಗಡಿ ಗೋಡೆ ತುಂಬ ಪೋಸ್ಟರ್ ಇವೆ. ಈ ಪ್ಯಾಕಿನದು ಒಂದೂ ಇಲ್ಲ.

ಈಗ ನೋಡಿ. ಇಂಟರ್ನೆಟ್ ಇಲ್ಲದವರಿಗೆ ಅಂತ ಮಾಡಿದ ಪ್ಯಾಕು. ಅದು ಇರುವುದು ಇಂಟರ್ನೆಟ್‌ನಲ್ಲಿ ಮಾತ್ರ, ಅದೂ ತಳದಲ್ಲಿ. ಅವ್ವ ಹೇಗೆ ಹುಡುಕಬೇಕು?

ಆಮೇಲೆ ನಾನು ಕೂತು ಈ ವಿಷಯ ಪೂರ್ತಿ ಓದಿದೆ. ಟ್ರಾಯ್ 2024ರ ಜುಲೈನಲ್ಲಿ ಜನರ ಅಭಿಪ್ರಾಯ ಕೇಳಿತ್ತು. ಅದೇ ತಿಂಗಳ ಶುರುವಿನಲ್ಲಿ ಖಾಸಗಿ ಕಂಪನಿಗಳೆಲ್ಲ ದರ ಏರಿಸಿದ್ದವು. ದೇಶದಲ್ಲಿ ಕೀಪ್ಯಾಡ್ ಫೋನ್ ಬಳಸುವವರು ಇನ್ನೂ ಸುಮಾರು 15 ಕೋಟಿ ಇದ್ದಾರೆ ಅನ್ನುವ ಲೆಕ್ಕವೂ ಆಗ ಬಂತು. ಡಿಸೆಂಬರ್ 23ಕ್ಕೆ ನಿಯಮಕ್ಕೆ ತಿದ್ದುಪಡಿ ಮಾಡಿದರು. ಪ್ರತಿ ಕಂಪನಿಯೂ ಬರೀ ಮಾತು ಮತ್ತು ಮೆಸೇಜಿನ ವೋಚರ್, ಅಂದರೆ ರೀಚಾರ್ಜ್ ಪ್ಯಾಕ್, ಒಂದಾದರೂ ಇಡಬೇಕು. ಹೆಚ್ಚೆಂದರೆ 90 ದಿನ ಇದ್ದ ವೋಚರ್ ಅವಧಿಯನ್ನು 365 ದಿನದ ತನಕ ಬೆಳೆಸಬಹುದು. ಒಳ್ಳೆಯ ಕೆಲಸ, ಇಲ್ಲ ಅನ್ನುವುದಿಲ್ಲ. ಆದರೆ ದರ ಎಷ್ಟಿರಬೇಕು ಅಂತ ಟ್ರಾಯ್ ಹೇಳಲಿಲ್ಲ. ಅದು ಕಂಪನಿಗಳ ಇಷ್ಟಕ್ಕೆ ಬಿಟ್ಟದ್ದು. 2025ರ ಜನವರಿಯಲ್ಲಿ ಪ್ಯಾಕುಗಳು ಬಂದವು. ಒಂದು ಕಂಪನಿ ವರ್ಷಕ್ಕೆ 1,959 ಅಂತ ಇಟ್ಟಿತು. ದರಗಳನ್ನು ಪರಿಶೀಲಿಸುತ್ತೇವೆ ಅಂತ ಟ್ರಾಯ್ ಹೇಳಿದ ಮೇಲೆ ಕೆಲವೇ ದಿನದಲ್ಲಿ 1,849ಕ್ಕೆ ಇಳಿಸಿತು. 84 ದಿನದ್ದು 499 ಇದ್ದದ್ದು 469 ಆಯಿತು. ಹೀಗೆ ಒಂದು ಮಾತಿಗೆ ನೂರು ರೂಪಾಯಿ ಇಳಿಯುವುದಾದರೆ ಮೊದಲೇ ಯಾಕೆ ಏರಿಸಿದ್ದರು ಅಂತ ನಮ್ಮ ಸಂತೆಯಲ್ಲಿ ಸೊಪ್ಪು ಮಾರುವವರನ್ನು ಕೇಳಿದರೂ ಹೇಳುತ್ತಾರೆ.

ಟವರ್ ನಡೆಸೋಕೆ ಖರ್ಚಿದೆ, ಒಪ್ಪೋಣ. ನನ್ನ ತಕರಾರು ದರಕ್ಕಿಂತ ಜಾಸ್ತಿ ಕಂತಿನ ಬಗ್ಗೆ. ನಮ್ಮ ಅಂಗಡಿಯಲ್ಲಿ ಸಿಕ್ಕ ಪ್ಯಾಕುಗಳಲ್ಲಿ ಎಲ್ಲಕ್ಕಿಂತ ಚಿಕ್ಕದು 84 ದಿನದ್ದು. ನನ್ನ ಅವ್ವನಿಗೆ ಬರುವ ದುಡ್ಡೆಲ್ಲ ತಿಂಗಳ ಲೆಕ್ಕದ್ದು. ಗೃಹಲಕ್ಷ್ಮಿಯ 2,000 ಬಂದಾಗ ಬರುತ್ತದೆ. ಹಾಲಿನ ಡೇರಿ ಬಟವಾಡೆ ಬರುತ್ತದೆ. ಅದರಲ್ಲಿ ಹಿಂಡಿ, ಮಾತ್ರೆ, ಎಲೆ ಅಡಿಕೆ ಕಳೆದು ಒಂದೇ ಸಲಕ್ಕೆ 469 ತೆಗೆಯುವುದು ಅವಳಿಗೆ ಭಾರ. ಮಗ ನಾನಿದ್ದೇನೆ, ಕೊಡುತ್ತೇನೆ. ಅವಳು ತಗೊಳ್ಳುವುದಿಲ್ಲ. “ನನ್ ಫೋನಿಗೆ ನಾನೇ ಹಾಕುಸ್ತೀನಿ” ಅಂತಾಳೆ. ನಮ್ಮ ಬೀದಿಯಲ್ಲಿ ಮಗ ಹತ್ತಿರ ಇಲ್ಲದ ಮುದುಕಿಯರು ಆರು ಜನ ಇದ್ದಾರೆ. ಅವರೆಲ್ಲ ಇವತ್ತಿಗೂ 199 ಹಾಕಿಸುತ್ತಿದ್ದಾರೆ, ಇಲ್ಲವೇ ಒಂದು ತಿಂಗಳು ಬಿಟ್ಟು ಒಂದು ತಿಂಗಳು ಹಾಕಿಸುತ್ತಿದ್ದಾರೆ. ಬಿಟ್ಟ ತಿಂಗಳಲ್ಲಿ ಮಗಳ ಫೋನು ಬರುವುದಿಲ್ಲ. ರೇಷನ್ ಕಾರ್ಡ್, ಬ್ಯಾಂಕು ಎಲ್ಲಕ್ಕೂ ಈಗ ಒಟಿಪಿ ಬೇಕು, ಅದೂ ಬರುವುದಿಲ್ಲ. ಹೋದ ಬೇಸಿಗೆಯಲ್ಲಿ ಅವರಲ್ಲೊಬ್ಬರು ಬ್ಯಾಂಕಿನ ಕೌಂಟರಿನ ಮುಂದೆ ಫೋನನ್ನು ಅಂಗೈಯಲ್ಲಿಟ್ಟುಕೊಂಡು ಕಾಲು ಗಂಟೆ ನಿಂತಿದ್ದನ್ನು ಕಣ್ಣಾರೆ ನೋಡಿದ್ದೇನೆ. ಒಟಿಪಿ ಬರುತ್ತೆ ಅಂತ ಕಾಯುತ್ತಿದ್ದರು. ವ್ಯಾಲಿಡಿಟಿ ಮುಗಿದು ಹತ್ತು ದಿನ ಆಗಿತ್ತು.

28 ದಿನದ ಆಟ ಬಿಟ್ಟು 30 ದಿನದ್ದೊಂದು ಪ್ಯಾಕ್ ಇಡಿ ಅಂತ ಇದೇ ಟ್ರಾಯ್ 2022ರಲ್ಲಿ ಕಂಪನಿಗಳಿಗೆ ಹೇಳಿತ್ತು. ಕಂಪನಿಗಳು ಇಟ್ಟವು. ಹಾಗೆಯೇ ಮಾತಿನ ಪ್ಯಾಕನ್ನೂ ತಿಂಗಳ ಲೆಕ್ಕದಲ್ಲಿ ಇಡಿ ಅಂತ ಹೇಳಲು ಏನು ಅಡ್ಡಿ?

ಈ ನಡುವೆ ಇನ್ನೊಂದು ಗೊಂದಲ. 20 ರೂಪಾಯಿ ಹಾಕಿದರೆ ಸಿಮ್ ನಾಲ್ಕು ತಿಂಗಳು ಜೀವಂತ ಇರುತ್ತದೆ ಅಂತ 2025ರ ಜನವರಿಯಲ್ಲಿ ವಾಟ್ಸ್‌ಆ್ಯಪ್ ತುಂಬ ಓಡಾಡಿತು. ನಮ್ಮ ಅಕ್ಕನ ಮಗ ತೋರಿಸಿದ. ನಾನೂ ನಂಬಿ ಡಬ್ಬದ ಸಿಮ್‌ಗೆ 20 ಹಾಕಿಸಿದ್ದೆ. ಅದು 2013ರ ಹಳೇ ನಿಯಮ. 90 ದಿನ ಬಳಸದೆ ಇದ್ದರೂ, ಖಾತೆಯಲ್ಲಿ 20 ರೂಪಾಯಿ ಇದ್ದರೆ ಕಂಪನಿ ಅದನ್ನು ಮುರಿದುಕೊಂಡು ನಂಬರನ್ನು ಇನ್ನೊಬ್ಬರಿಗೆ ಕೊಡದೆ ಉಳಿಸಬೇಕು, ಅಷ್ಟೇ. ನಂಬರ್ ನಮ್ಮ ಹೆಸರಿನಲ್ಲಿ ಇರುತ್ತದೆ. ಫೋನ್ ಬರುತ್ತದೆ ಅಂತ ಅದರಲ್ಲಿ ಎಲ್ಲೂ ಇಲ್ಲ. ಇನ್ನೂ ತಮಾಷೆ ಏನೆಂದರೆ 20ರ ಟಾಪ್‌ಅಪ್ ಹಾಕಿಸಿದರೆ ಖಾತೆಗೆ ಬೀಳುವುದು 14 ರೂಪಾಯಿ 95 ಪೈಸೆ. ಅಂದರೆ 20 ಇರಬೇಕಾದರೆ ಎರಡು ಸಲ ಹಾಕಿಸಬೇಕು.

ಅಪ್ಪ ಇದ್ದಾಗ ಲೈಫ್‌ಟೈಮ್ ಸಿಮ್ ಅಂತ ಬಂದಿತ್ತು. 999 ಕೊಟ್ಟರೆ ಜೀವನಪೂರ್ತಿ ಇನ್‌ಕಮಿಂಗ್. ಕೊಬ್ಬರಿ ಮಾರಿದ ದುಡ್ಡಿನಲ್ಲಿ ಹೆಮ್ಮೆಯಿಂದ ತಂದಿದ್ದರು. ಅವ್ವನ ಹತ್ತಿರ ಈಗ ಇರುವುದು ಅದೇ ನಂಬರು. 2018ರ ಕೊನೆಯಲ್ಲಿ ತಿಂಗಳಿಗೆ ಕನಿಷ್ಠ 35 ರೂಪಾಯಿ ಹಾಕಿಸದಿದ್ದರೆ ಇನ್‌ಕಮಿಂಗ್ ಇಲ್ಲ ಅಂತ ಶುರುವಾಯಿತು. ಅಲ್ಲಿಂದ ಈಗ 199. ಲೈಫ್‌ಟೈಮ್ ಅಂದರೆ ಯಾರ ಲೈಫು ಅಂತ ಅಪ್ಪ ಅಂಗಡಿಯವನನ್ನು ಕೇಳಿರಲಿಲ್ಲ.

ಡಬ್ಬದ ವಿಷಯಕ್ಕೆ ಬರುತ್ತೇನೆ. ಯಂತ್ರದಿಂದ ಯಂತ್ರಕ್ಕೆ ಮಾತಾಡುವ ಸಿಮ್‌ಗಳಿಗೆ 13 ಅಂಕಿಯ ಬೇರೆ ನಂಬರ್ ಸರಣಿಯನ್ನು ಕೇಂದ್ರ ಸರ್ಕಾರ 2018ರಲ್ಲೇ ತಂದಿದೆ. ನಮ್ಮ ಸ್ಟಾರ್ಟರ್‌ಗೆ ಅಂಗಡಿಯವನು ಹಾಕಿಕೊಟ್ಟದ್ದು ಎಲ್ಲರ ಹಾಗೆ 10 ಅಂಕಿಯ ಸಿಮ್. ನಾನೇ ನನ್ನ ಆಧಾರ್ ಕೊಟ್ಟು ತಂದದ್ದು. ಅದರಿಂದ ನನಗೆ ತೊಂದರೆ ಇಲ್ಲ. ಕಂಪನಿಯವರಿಗೆ ನನ್ನ ಬೇಡಿಕೆ ಬಹಳ ಸಣ್ಣದು. ಸಿಮ್ ಕೊಡುವಾಗ ಇನ್ನೊಂದು ನಂಬರ್ ಬರೆಸಿಕೊಳ್ಳುತ್ತೀರಲ್ಲ, ಗಡುವು ಮುಗಿಯುವ ಮೆಸೇಜನ್ನು ಆ ನಂಬರಿಗೂ ಒಂದು ಕಳಿಸಿ. ಕನ್ನಡದಲ್ಲಿ ಕಳಿಸಿ. ಡಬ್ಬಕ್ಕೆ ಓದೋಕೆ ಬರುವುದಿಲ್ಲ, ಅವ್ವನಿಗೆ ಇಂಗ್ಲಿಷ್ ಬರುವುದಿಲ್ಲ. ಅವಳು ಯಾವ ಮೆಸೇಜ್ ಬಂದರೂ ಫೋನ್ ಹಿಡಿದು ಹಟ್ಟಿಯಿಂದ ಅಡುಗೆಮನೆಗೆ ಬಂದು, “ಇದು ದುಡ್ಡಿನ ಮೆಸೇಜೋ, ಕಂಪನಿ ಮೆಸೇಜೋ ನೋಡು” ಅಂತಾಳೆ. ಹತ್ತಕ್ಕೆ ಒಂಬತ್ತು ಕಂಪನಿಯದೇ.

ಕಂಪನಿಗೆ ಇದನ್ನು ಹೇಳೋಣ ಅಂತ ಗ್ರಾಹಕ ಸೇವೆಗೆ ಫೋನ್ ಮಾಡಿದ್ದೆ. ಕನ್ನಡಕ್ಕೆ ಇಷ್ಟು ಒತ್ತಿ, ಅದಕ್ಕೆ ಅಷ್ಟು ಒತ್ತಿ ಅಂತ ಒತ್ತಿಸಿಕೊಂಡು, ಕೊನೆಗೆ ಆ್ಯಪ್ ಡೌನ್‌ಲೋಡ್ ಮಾಡಿಕೊಳ್ಳಿ, ಲಿಂಕ್ ಕಳಿಸಿದ್ದೇವೆ ಅಂದರು. ನಾನು ಫೋನ್ ಮಾಡಿದ್ದು ಅವ್ವನ ಸೆಟ್ಟಿನಿಂದ.

ಎರಡೂ ಸಿಮ್‌ಗೆ ಈಗ 84 ದಿನದ್ದು ಹಾಕಿಸಿದ್ದೇನೆ. ಅವ್ವನದು ಮುಗಿಯುವ ತಾರೀಖನ್ನು ಅವಳೇ ಕ್ಯಾಲೆಂಡರಿನಲ್ಲಿ ಡೇರಿ ಬಟವಾಡೆಯ ಗುರುತಿನ ಪಕ್ಕ ಕುಂಕುಮದಲ್ಲಿ ಬೊಟ್ಟಿಟ್ಟುಕೊಂಡಿದ್ದಾಳೆ. ಡಬ್ಬದ ತಾರೀಖನ್ನು ನಾನು ಡಬ್ಬದ ಮುಚ್ಚಳದ ಮೇಲೆಯೇ ಎತ್ತಿನ ಕೊಂಬಿಗೆ ಬಳಿದು ಉಳಿದಿದ್ದ ಕೆಂಪು ಬಣ್ಣದಲ್ಲಿ ಬರೆದಿದ್ದೇನೆ. ಪಕ್ಕದ ಹೊಲದವರಿಗೂ ಕಾಣುವ ಹಾಗೆ ದೊಡ್ಡದಾಗಿ.

ಇಂತಿ,
ಒಬ್ಬ ತೆಂಗು ಬೆಳೆಗಾರ,
ಬಾಣಾವರ ಹೋಬಳಿ, ಅರಸೀಕೆರೆ ತಾಲ್ಲೂಕು