ನನ್ನ ಕಂಬದ ಶೆಡ್ ಜಾಗ ಬದಲಿಸಿದ ಕೆಲಸದ ಬಗ್ಗೆ ದೂರು

ಗೆ,
ಮಾಲೀಕರು,
ಶೆಡ್ ಎತ್ತಿ ಸ್ಥಳಾಂತರಿಸುವ ಕೆಲಸ ವಹಿಸಿಕೊಂಡವರು,
ಶಿರಸಿ

ವಿಷಯ: ಕಂಬಗಳ ಬುಡ ಕಡಿದು ಶೆಡ್ ನಿಲ್ಲಿಸಿರುವುದನ್ನು ಮಳೆಗಾಲಕ್ಕೆ ಮೊದಲು ಸರಿಪಡಿಸುವ ಬಗ್ಗೆ

ಮಾನ್ಯರೇ,

ಕಳೆದ ಫೆಬ್ರವರಿಯಲ್ಲಿ ನಮ್ಮ ಮನೆಯ ಅಡಿಕೆ ಶೆಡ್ಡನ್ನು 80 ಅಡಿ ಆಚೆಗೆ ಸರಿಸಿಕೊಟ್ಟಿದ್ದೀರಿ. ಇಪ್ಪತ್ತು ಅಡಿ ಅಗಲ, ಮೂವತ್ತು ಅಡಿ ಉದ್ದ, ಎಂಟು ಮತ್ತಿ ಮರದ ಕಂಬ. ಒಪ್ಪಿದ್ದು 1,40,000 ರೂಪಾಯಿ. ಅದರಲ್ಲಿ 1,00,000 ಕೊಟ್ಟಿದ್ದೇನೆ.

ಶೆಡ್ ಯಾಕೆ ಸರಿಸಬೇಕು ಎಂದು ನಿಮಗೆ ಮೊದಲ ದಿನವೇ ಹೇಳಿದ್ದೆ. ಅದು ನಿಂತಿದ್ದು ಕಡಿದಾದ ಮಣ್ಣಿನ ದರೆಯ ಬುಡದಲ್ಲಿ. 2021ರಲ್ಲಿ ಯಲ್ಲಾಪುರದ ಕಳಚೆಯಲ್ಲಿ ಗುಡ್ಡ ಜಾರಿತು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿಯ ಮೇಲೇ ಗುಡ್ಡ ಬಿತ್ತು. ಆಮೇಲೆ ಆ ದರೆಯ ಕೆಳಗೆ ಆಳುಗಳನ್ನು ಕೂರಿಸಿ ಅಡಿಕೆ ಸುಲಿಸಲು ನನಗೆ ಧೈರ್ಯ ಬರಲಿಲ್ಲ. ಅದಕ್ಕೇ ಇಷ್ಟು ಖರ್ಚಿಗೆ ಒಪ್ಪಿಕೊಂಡೆ.

ಬಿಚ್ಚಿ ಜೋಡಿಸುವುದಕ್ಕಿಂತ ಹಾಗೇ ಎತ್ತಿ ಇಡುವುದು ಒಳ್ಳೆಯದು ಎಂದವರು ನೀವೇ. ಕಂಬಗಳ ಸುತ್ತ ಅಗೆದು ಬುಡ ಸಮೇತ ತೆಗೆಯುತ್ತೇವೆ, ಅದಕ್ಕೂ ಮೊದಲು ಕಂಬದಿಂದ ಕಂಬಕ್ಕೆ ಓರೆಯಾಗಿ ಪಟ್ಟಿ ಹೊಡೆದು ಕತ್ತರಿ ಕಟ್ಟುತ್ತೇವೆ, ಹೊಸ ಜಾಗದಲ್ಲಿ ಮೂರು ಅಡಿ ಆಳದ ಗುಂಡಿಯಲ್ಲಿ ನಿಲ್ಲಿಸುತ್ತೇವೆ ಎಂದು ಬರೆದುಕೊಟ್ಟಿದ್ದೀರಿ. ಆ ಚೀಟಿ ನನ್ನ ಹತ್ತಿರ ಇದೆ.

ಆದರೆ ನಾನು ತೋಟಕ್ಕೆ ಹೋಗಿ ಬರುವಷ್ಟರಲ್ಲಿ ನಿಮ್ಮ ಹುಡುಗರು ಎಂಟೂ ಕಂಬಗಳನ್ನು ನೆಲದ ಮಟ್ಟಕ್ಕೆ ಗರಗಸದ ಮಷಿನ್‌ನಲ್ಲಿ ಕೊಯ್ದುಬಿಟ್ಟಿದ್ದರು. ಕೇಳಿದರೆ, 'ಅಗೆಯುತ್ತಾ ಕೂತರೆ ಎರಡು ದಿನ ಜಾಸ್ತಿ ಆಗುತ್ತದೆ' ಎಂದರು ಮೇಸ್ತ್ರಿ.

ನನಗೆ ಅತಿ ಹೆಚ್ಚು ನೋವಾಗಿದ್ದು ಇದೇ. ಅಪ್ಪ 1994ರಲ್ಲಿ ಈ ಶೆಡ್ ಕಟ್ಟಿಸುವಾಗ ಪ್ರತಿ ಕಂಬದ ಬುಡವನ್ನೂ ಬೆಂಕಿಯಲ್ಲಿ ಸುಟ್ಟು ಕಪ್ಪು ಮಾಡಿ, ಮೇಲೆ ಟಾರು ಬಳಿದಿದ್ದರು. ನಾನೇ ಪಕ್ಕದಲ್ಲಿ ನಿಂತು ಕಂಬ ಹೊರಳಿಸಿದ್ದೆ. ಇಷ್ಟು ವರ್ಷ ಮಣ್ಣಿನ ತಂಪಿಗೂ ಒರಲೆ ಹುಳಕ್ಕೂ ಜಗ್ಗದೆ ನಿಂತಿದ್ದು ಅದರಿಂದಲೇ. ಕಾಪಿಟ್ಟ ಆ ಮೂರು ಅಡಿ ಈಗ ಹಳೆ ಜಾಗದ ಮಣ್ಣಿನಲ್ಲೇ ಉಳಿದಿದೆ. ಹೊಸ ಜಾಗದಲ್ಲಿ ಏನೂ ಬಳಿಯದ ಹಸಿ ಕೊಯ್ತವನ್ನು ಬರೀ ಒಂದು ಅಡಿ ಗುಂಡಿಗೆ ಇಳಿಸಿ ಸುತ್ತ ಸಿಮೆಂಟ್ ತುಂಬಿದ್ದೀರಿ. ಮರಕ್ಕೂ ಸಿಮೆಂಟಿಗೂ ನಡುವೆ ಆಗಲೇ ಸಂದಿ ಬಿಟ್ಟಿದೆ. ಅಲ್ಲಿ ನೀರು ನಿಂತರೆ ಕಂಬ ಎಷ್ಟು ವರ್ಷ ಬಾಳುತ್ತದೆ, ನೀವೇ ಹೇಳಿ.

ಈ ಶೆಡ್ಡಿಗೆ ಗೋಡೆ ಇಲ್ಲ. ಕಂಬ ಮಣ್ಣನ್ನು ಹಿಡಿದುಕೊಂಡಿರುವುದೇ ಅದರ ಬಲ. ಗಾಳಿ ಅಡಿಯಿಂದ ನುಗ್ಗಿ ತಗಡಿನ ಮಾಡನ್ನು ಎತ್ತಿದರೆ ಒಂದು ಅಡಿ ಹಿಡಿತ ಸಾಲುವುದಿಲ್ಲ. ಸೂರಿನ ಎತ್ತರವೂ ಒಂಬತ್ತು ಅಡಿಯಿಂದ ಎಂಟಕ್ಕೆ ಇಳಿದಿದೆ. ಹುಲ್ಲು ತುಂಬಿದ ಪಿಕಪ್ ಈಗ ಒಳಗೆ ಬರುವುದಿಲ್ಲ.

ಕತ್ತರಿ ಪಟ್ಟಿಯನ್ನೂ ಕಟ್ಟಲಿಲ್ಲ. ಜೆಸಿಬಿ ಎಳೆದ ರಭಸಕ್ಕೆ ಇಡೀ ಚೌಕಟ್ಟು ಓರೆಯಾಯಿತು. ಮೂಲೆಯಿಂದ ಮೂಲೆಗೆ ಟೇಪು ಹಿಡಿದು ನೋಡಿದೆ. ಎರಡೂ ಕಡೆ ಒಂದೇ ಅಳತೆ ಬರಬೇಕು, ಅಲ್ವಾ? ಏಳು ಇಂಚು ವ್ಯತ್ಯಾಸ ಇದೆ. ಹಾಗಾಗಿ ತಗಡಿನ ಹಳೆ ತೂತುಗಳು ಅಡಿಯ ರೀಪು ಪಟ್ಟಿಗೆ ಕೂಡಲಿಲ್ಲ. ಹೊಸ ತೂತು ಹೊಡೆದು ಹಳೆಯವನ್ನು ಸುಮ್ನೆ ಬಿಟ್ಟಿದ್ದೀರಿ. ಗಟ್ಟಿಯಾಗಿ ಒಡೆದ ಹಳೆ ರಬ್ಬರ್ ವಾಷರ್‌ಗಳನ್ನೇ ಮತ್ತೆ ಹಾಕಿದ್ದೀರಿ.

ಮೊನ್ನೆ ಭರಣಿ ಮಳೆ ಒಂದು ಗಂಟೆ ಹೊಡೆಯಿತು. ಮೂರು ಚೀಲ ಚಾಲಿ ಒದ್ದೆಯಾಯಿತು. ಒಂದೂವರೆ ತಿಂಗಳು ಬಿಸಿಲಲ್ಲಿ ಹರವಿ ಒಣಗಿಸಿದ ಅಡಿಕೆ ಅದು. ಮತ್ತೆ ಒಣಗಿಸಿದರೂ ಬೂಸಲು ಹಿಡಿದದ್ದಕ್ಕೆ ವ್ಯಾಪಾರಿಗಳ ವಖಾರಿಯಲ್ಲಿ ಒಳ್ಳೆಯ ದರ ಸಿಗುವುದಿಲ್ಲ.

ನಾಲ್ಕು ಸಲ ಫೋನ್ ಮಾಡಿದೆ. 'ನೋಡೋಣ' ಎಂದಿರಿ, ಬರಲಿಲ್ಲ.

ನಾನು ಹೊಸ ಶೆಡ್ ಕೇಳುತ್ತಿಲ್ಲ. ಕಡಿದ ಕಂಬ ಉದ್ದ ಆಗುವುದಿಲ್ಲ ಎಂದು ನನಗೂ ಗೊತ್ತು. ಮಾಡನ್ನು ಜಾಕ್ ಮೇಲೆ ಎತ್ತಿ ಹಿಡಿದು, ಪ್ರತಿ ಕಂಬದ ಅಡಿಗೆ ಮೂರು ಅಡಿ ಆಳದಿಂದ ಕಾಂಕ್ರೀಟ್ ಕಾಲು ಎಬ್ಬಿಸಿ. ಅದು ನೆಲದಿಂದ ಒಂದು ಅಡಿ ಮೇಲೆ ಬರಲಿ. ಕಂಬವನ್ನು ಅದರ ಮೇಲೆ ಕೂರಿಸಿ ದಪ್ಪ ಕಬ್ಬಿಣದ ಪಟ್ಟಿ, ಬೋಲ್ಟ್ ಹಾಕಿ ಬಿಗಿಯಿರಿ. ಚೌಕಟ್ಟನ್ನು ಮೂಲೆ ಅಳತೆಗೆ ತಂದು ಕತ್ತರಿ ಪಟ್ಟಿಯನ್ನು ಕಾಯಂ ಆಗಿ ಹೊಡೆಯಿರಿ. ತೂತು ಬಿದ್ದ ತಗಡು, ವಾಷರ್ ಬದಲಿಸಿ. ಮೂರು ಚೀಲದ ನಷ್ಟ ಕೊಡಿ. ಕೆಲಸ ಮುಗಿದ ದಿನವೇ ಬಾಕಿ 40,000 ರೂಪಾಯಿ ನಿಮ್ಮ ಕೈಗೆ ಕೊಡುತ್ತೇನೆ.

ಮೃಗಶಿರ ಮಳೆ ಹಿಡಿದರೆ ಗುಂಡಿ ತೋಡಲು ಆಗುವುದಿಲ್ಲ. ಆದ್ದರಿಂದ ಮೇ 31ರೊಳಗೆ ಕೆಲಸ ಮುಗಿಯಬೇಕು. ಆಗದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಕಾರವಾರದಲ್ಲಿರುವ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡುತ್ತೇನೆ. ನೀವು ಬರೆದುಕೊಟ್ಟ ಚೀಟಿ, ಹಣ ಕೊಟ್ಟ ರಸೀದಿ, ಫೋಟೋ ಎಲ್ಲದರ ಪ್ರತಿ ಈ ಪತ್ರದ ಜೊತೆ ಇಟ್ಟಿದ್ದೇನೆ.

ಬರುವ ಹಿಂದಿನ ಸಂಜೆ ಒಂದು ಫೋನ್ ಮಾಡಿ. ಚೀಲಗಳನ್ನು ಮನೆಯ ಅಟ್ಟಕ್ಕೆ ಸಾಗಿಸಿ ಶೆಡ್ ಖಾಲಿ ಮಾಡಿಡುತ್ತೇನೆ.

ಇಂತಿ,
ನಿಮ್ಮ ಗ್ರಾಹಕ,
ಶಿರಸಿ ತಾಲ್ಲೂಕಿನ ಅಡಿಕೆ ಬೆಳೆಗಾರ